ಗೇರ್ ಸೈಕಲ್ ಕೊಡಿಸಿದರೆ ಸಾಲದು, ಕಲಿಸಲೂ ಬೇಕು

ಚಾಂದ್‌ಖೇಡಾದ ಯಾವುದೇ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್ ಜಾಗವನ್ನು ಒಮ್ಮೆ ಸುತ್ತಿ ಬಂದರೆ, ಸ್ಕೂಟರುಗಳ ನಡುವೆ ದಪ್ಪ ಟಯರಿನ ಒಂದೆರಡಾದರೂ ಗೇರ್ ಸೈಕಲ್‌ಗಳು ಧೂಳು ಹಿಡಿದು, ಗಾಳಿ ಇಳಿದು ನಿಂತಿರುವುದು ಕಾಣಸಿಗುತ್ತದೆ. ಮಗ ಒಳ್ಳೆಯ ಅಂಕ ತಂದನೆಂದೋ, ಮಗಳ ಹುಟ್ಟುಹಬ್ಬವೆಂದೋ ಹತ್ತು-ಹದಿನೈದು ಸಾವಿರ ರೂಪಾಯಿ ಕೊಟ್ಟು ತಂದ ಸೈಕಲ್‌ಗಳವು. ಮೊದಲ ಎರಡು ತಿಂಗಳ ಉತ್ಸಾಹ ಮುಗಿದ ಮೇಲೆ ಅವನ್ನು ಕೇಳುವವರಿಲ್ಲ. ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ.

ಇನ್ನೊಂದು ಬಗೆಯ ಮಕ್ಕಳೂ ಇದ್ದಾರೆ. ಮೊಬೈಲಿನಲ್ಲಿ ಕಂಡದ್ದನ್ನು ಸಂಜೆಯೇ ಮಾಡಿ ನೋಡಬೇಕೆಂಬ ಹುಮ್ಮಸ್ಸಿನವರು. ಸಿಟಿ ಬಸ್ಸು, ರಿಕ್ಷಾ, ಡಂಪರುಗಳು ಓಡಾಡುವ ರಸ್ತೆಯಲ್ಲೇ ಮುಂದಿನ ಚಕ್ರ ಎತ್ತಿ ಓಡಿಸುತ್ತಾರೆ. ಬಿದ್ದರೆ ಭುಜದ ಮೂಳೆ ಮುರಿಯುತ್ತದೆ. ಮನೆಯವರು ಸೈಕಲ್ಲಿಗೆ ಬೀಗ ಹಾಕುತ್ತಾರೆ. ಒಬ್ಬ ಬೇಸರದಿಂದ ಬಿಟ್ಟ, ಇನ್ನೊಬ್ಬ ಪೆಟ್ಟು ತಿಂದು ಬಿಟ್ಟ. ಎರಡಕ್ಕೂ ಕಾರಣ ಒಂದೇ. ಸೈಕಲ್ ಕೊಡಿಸಿದವರು ಅದನ್ನು ಓಡಿಸುವ ವಿದ್ಯೆಯನ್ನು ಕಲಿಸುವ ಏರ್ಪಾಡು ಮಾಡಲಿಲ್ಲ.

ಗುಡ್ಡಗಾಡಿನ ಹಾದಿಯಲ್ಲಿ ಓಡಿಸುವ ಮೌಂಟನ್ ಬೈಕ್ ಮತ್ತು 20 ಇಂಚಿನ ಪುಟ್ಟ ಚಕ್ರದ ಬಿಎಂಎಕ್ಸ್ ಸೈಕಲ್‌ಗಳನ್ನು ಹಲವು ಪಾಲಕರು ಇನ್ನೂ ಹುಡುಗಾಟವೆಂದೇ ತಿಳಿದಿದ್ದಾರೆ. ಆದರೆ ಮೌಂಟನ್ ಬೈಕ್ ಸ್ಪರ್ಧೆ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲೇ ಸೇರ್ಪಡೆಯಾಗಿದೆ. ಬಿಎಂಎಕ್ಸ್ ರೇಸ್ 2008ರ ಬೀಜಿಂಗ್‌ನಲ್ಲಿ ಬಂತು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ ಬಿಎಂಎಕ್ಸ್ ಕಸರತ್ತಿನ ಸ್ಪರ್ಧೆಗೂ ಪದಕವಿತ್ತು. ಭಾರತಕ್ಕೆ ಮಾತ್ರ ಸೈಕ್ಲಿಂಗ್‌ನ ಯಾವ ವಿಭಾಗದಲ್ಲೂ ಇದುವರೆಗೆ ಒಲಿಂಪಿಕ್ ಪದಕ ದಕ್ಕಿಲ್ಲ.

ಹಿಂದಿನ ತಲೆಮಾರಿನವರು ಸೈಕಲ್ ಕಲಿತ ಬಗೆಯನ್ನು ಇಲ್ಲಿ ನೆನೆಯಬೇಕು. ಗಂಟೆ ಲೆಕ್ಕದ ಬಾಡಿಗೆ ಸೈಕಲ್ ತಂದು, ಸೀಟು ಎಟುಕದ ವಯಸ್ಸಿನಲ್ಲಿ ಬಾರಿನ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ಹೊಡೆದು, ಆಮೇಲೆ ಬಾರಿನ ಮೇಲೆ, ಕೊನೆಗೆ ಸೀಟಿನ ಮೇಲೆ ಏರಿದವರು ಅವರು. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನ ಮೆಟ್ಟಿಲಿಗೆ ಯಾರೂ ಹೋಗುತ್ತಿರಲಿಲ್ಲ. ಊರ ಕ್ರೀಡಾಕೂಟದ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಕಾಲು ನೆಲಕ್ಕೆ ಊರದೆ ಕೊನೆಯವನಾಗಿ ಗೆರೆ ಮುಟ್ಟಿದವನೇ ಗೆದ್ದವನು. ಮೌಂಟನ್ ಬೈಕ್ ತರಬೇತಿಯಲ್ಲಿಯೂ ನಿಂತಲ್ಲೇ ತೂಗಾಡದೆ ನಿಲ್ಲುವ ಈ ಸಮತೋಲನಕ್ಕೆ ಮೊದಲ ಪಾಠಗಳಲ್ಲೇ ಸ್ಥಾನವಿದೆ. ಜನ ನಗೆಯಾಟವೆಂದು ನೋಡುತ್ತಿದ್ದ ಸ್ಪರ್ಧೆಯಲ್ಲಿ ಇಷ್ಟು ದೊಡ್ಡ ವಿದ್ಯೆ ಅಡಗಿತ್ತು.

ಹಾಗಾದರೆ ಈ ತರಬೇತಿಯಲ್ಲಿ ಕಲಿಯುವುದೇನು? ಮೊದಲನೆಯದು ನಿಲ್ಲುವ ಭಂಗಿ. ಹದಗೆಟ್ಟ ಹಾದಿಯಲ್ಲಿ ಸೀಟಿನ ಮೇಲೆ ಕುಳಿತೇ ಹೋದರೆ ಪ್ರತಿ ಕುಲುಕೂ ಬೆನ್ನಿಗೆ ತಾಗುತ್ತದೆ. ಸೀಟನ್ನು ತಗ್ಗಿಸಿ, ಎರಡು ಪೆಡಲ್‌ಗಳನ್ನೂ ನೆಲಕ್ಕೆ ಸಮನಾಗಿ ಇರಿಸಿ, ಅವುಗಳ ಮೇಲೆ ಎದ್ದು ನಿಂತು, ಮೊಣಕಾಲು-ಮೊಣಕೈಗಳನ್ನು ಸಡಿಲವಾಗಿ ಬಗ್ಗಿಸಿದರೆ ಸೈಕಲ್ ಕೆಳಗೆ ಕುಣಿದರೂ ಸವಾರ ಕದಲುವುದಿಲ್ಲ. ಕಣ್ಣು ಮುಂದಿನ ಚಕ್ರದ ಮೇಲಿರದೆ ಹಾದಿಯ ಮುಂದೆ ಇರಬೇಕು. ಕಣ್ಣು ಹೋದತ್ತ ಸೈಕಲ್ ಹೋಗುತ್ತದೆ. ಕಲ್ಲನ್ನೇ ದಿಟ್ಟಿಸಿದವನು ಕಲ್ಲಿಗೇ ಗುದ್ದುತ್ತಾನೆ.

ಎರಡನೆಯದು ಬ್ರೇಕ್. ಸೈಕಲ್ಲನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿನಲ್ಲಿದೆ. ಅದಕ್ಕೆ ಹೆದರಿ ಹಿಂದಿನದನ್ನಷ್ಟೇ ಹಿಡಿದರೆ ಚಕ್ರ ಜಾರುತ್ತದೆ, ಸೈಕಲ್ ಬೇಗ ನಿಲ್ಲುವುದಿಲ್ಲ. ಗಾಬರಿಯಿಂದ ಮುಂದಿನದನ್ನು ಒಮ್ಮೆಲೇ ಅಮುಕಿದರೆ ಸವಾರ ಹ್ಯಾಂಡಲ್ ದಾಟಿ ಬೀಳುತ್ತಾನೆ. ಒಂದು ಅಥವಾ ಎರಡು ಬೆರಳಿನಿಂದ ಎರಡೂ ಬ್ರೇಕನ್ನು ಹದವಾಗಿ ಒತ್ತುತ್ತ, ಸೊಂಟವನ್ನು ಹಿಂದಕ್ಕೆ ಸರಿಸುವುದನ್ನು ಅಭ್ಯಾಸ ಮಾಡಬೇಕು. ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದು, ಓಡಿಬಂದ ಸೈಕಲ್ಲನ್ನು ಜಾರಿಸದೆ ಆ ಗೆರೆಯ ಮೇಲೆಯೇ ನಿಲ್ಲಿಸುವ ಆಟದಿಂದ ಇದು ಬರುತ್ತದೆ. ರಸ್ತೆಯಲ್ಲಿ ಎದುರಿಗೆ ದಿಢೀರನೆ ಹಸುವೋ ಸ್ಕೂಟರೋ ಬಂದಾಗ ಮಗುವಿನ ಜೀವ ಕಾಯುವುದೂ ಇದೇ ವಿದ್ಯೆ.

ಆ ನಂತರ ತಿರುವು. ನೀರಿನ ಬಾಟಲಿಗಳನ್ನು ಸಾಲಾಗಿ ಇಟ್ಟು ಅವುಗಳ ನಡುವೆ ಸುತ್ತಿಬರುವುದು, ತಿರುವಿಗೆ ಮುಂಚೆಯೇ ವೇಗ ತಗ್ಗಿಸುವುದು, ಮೈಗಿಂತ ಸೈಕಲ್ಲನ್ನೇ ಹೆಚ್ಚು ವಾಲಿಸುವುದು. ಬಳಿಕ ಮಣ್ಣಿನ ದಿಬ್ಬಗಳು. ದಿಬ್ಬ ಹತ್ತುವಾಗ ಮೈ ಹಗುರ ಮಾಡಿ, ಇಳಿಯುವಾಗ ಕೈಕಾಲಿನಿಂದ ಒತ್ತಿದರೆ ಪೆಡಲ್ ತುಳಿಯದೆಯೇ ಸೈಕಲ್ ಓಡುತ್ತದೆ. ಇಂತಹ ದಿಬ್ಬಗಳ ಸಾಲಿಗೆ ಪಂಪ್ ಟ್ರ್ಯಾಕ್ ಎನ್ನುತ್ತಾರೆ. ಮುಂದಿನ ಚಕ್ರ ಎತ್ತುವುದು, ಎರಡೂ ಚಕ್ರ ಎತ್ತಿ ಅಡ್ಡಲಾದ ಹಲಗೆಯನ್ನು ದಾಟುವುದು ಇವೆಲ್ಲ ಆಮೇಲಿನ ಮಾತು. ಜಿಗಿತ ಎಲ್ಲಕ್ಕಿಂತ ಕೊನೆಯ ಪಾಠ. ಮೊಬೈಲ್ ನೋಡಿ ಕಲಿಯುವ ಮಕ್ಕಳು ಕೊನೆಯ ಪಾಠದಿಂದ ಆರಂಭಿಸುತ್ತಾರೆ. ಎಡವಟ್ಟಾಗುವುದು ಅಲ್ಲಿಯೇ.

ಬ್ಯಾಂಕಿನ ರಿಕರಿಂಗ್ ಡಿಪಾಸಿಟ್‌ನಂತೆ ಅಭ್ಯಾಸಕ್ಕೂ ಕಂತು ಮುಖ್ಯ, ಮೊತ್ತವಲ್ಲ. ತಿಂಗಳಿಗೊಂದು ಭಾನುವಾರ ನಾಲ್ಕು ಗಂಟೆ ದಣಿಯುವುದಕ್ಕಿಂತ ವಾರಕ್ಕೆರಡು ಬೆಳಿಗ್ಗೆ ಮುಕ್ಕಾಲು ಗಂಟೆ, ಒಂದು ಸಲಕ್ಕೆ ಒಂದೇ ಪಾಠ ಕಲಿಯುವುದು ಲೇಸು. ದಣಿದ ಮೈ ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ. ಭರತನಾಟ್ಯದ ಅಡವು, ಸಂಗೀತದ ಸರಳೆ ವರಸೆಗಳ ಮಹತ್ವ ಬಲ್ಲ ಕನ್ನಡದ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಾಂದ್‌ಖೇಡಾದಲ್ಲಿ ಬೆಟ್ಟವೆಲ್ಲಿದೆ ಎಂದು ಕೇಳುವವರಿದ್ದಾರೆ. ಬಿಎಂಎಕ್ಸ್ ರೇಸಿನ ಮೊದಲ ಎರಡು ಒಲಿಂಪಿಕ್ ಚಿನ್ನಗಳನ್ನು, 2008 ಮತ್ತು 2012ರಲ್ಲಿ, ಪುರುಷರ ವಿಭಾಗದಲ್ಲಿ ಗೆದ್ದವರು ಲಾಟ್ವಿಯಾದ ಮಾರಿಸ್ ಸ್ಟ್ರೋಂಬರ್ಗ್ಸ್. ಆ ಪುಟ್ಟ ದೇಶದ ಅತಿ ಎತ್ತರದ ಜಾಗವೇ ಸುಮಾರು 312 ಮೀಟರ್. ಟೋಕಿಯೊದಲ್ಲಿ ಚಿನ್ನ ಗೆದ್ದ ನೀಕ್ ಕಿಮನ್ ಸಮತಟ್ಟಿಗೇ ಹೆಸರಾದ ನೆದರ್ಲೆಂಡ್ಸ್‌ನವರು. ಬೆಟ್ಟವಿಲ್ಲದವರು ಮಣ್ಣು ಪೇರಿಸಿ ದಿಬ್ಬ ಮಾಡಿಕೊಂಡರು.

ತವರಿನ ಉದಾಹರಣೆಯೂ ಇದೆ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತಾಪಿ ಮನೆಗಳ ಮಕ್ಕಳು ಕ್ರೀಡಾ ಇಲಾಖೆಯ ನಿಲಯಗಳಲ್ಲಿ ತರಬೇತಿ ಪಡೆದು ಸೈಕ್ಲಿಂಗ್‌ನಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ತರುತ್ತ ಬಂದಿದ್ದಾರೆ. 2021ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲಿಯೇ ನಡೆಯಿತು. ಬೆಂಗಳೂರಿನಲ್ಲಿ ಕನಕಪುರ ರಸ್ತೆಯ ಬದಿಯ ತುರಹಳ್ಳಿ ಕಾಡಿನ ಹಾದಿಗಳು ಎಷ್ಟೋ ಸವಾರರಿಗೆ ಪಾಠಶಾಲೆಯಾದವು. ಗದಗ-ವಿಜಯಪುರದ ಕಡೆಯಿಂದ ಬಂದು ಗುಜರಾತಿನಲ್ಲಿ ನೆಲೆಸಿದ ಕುಟುಂಬಗಳು ಈ ಸಂಗತಿಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳಬಹುದು.

ಪಾಲಕರ ಆತಂಕಗಳು ಸುಳ್ಳಲ್ಲ. ಪೆಟ್ಟಾಗುವ ಭಯವಿದೆ. ಆದರೆ ಹೆಲ್ಮೆಟ್, ಕೈಗವಸು, ಮೊಣಕಾಲಿನ ರಕ್ಷೆ ತೊಟ್ಟು ಹಿರಿಯರ ಕಣ್ಣೆದುರು ಮೈದಾನದಲ್ಲಿ ಬೀಳುವುದು, ಯಾರಿಗೂ ಹೇಳದೆ ಹೆದ್ದಾರಿಯಲ್ಲಿ ಬೀಳುವುದಕ್ಕಿಂತ ಎಷ್ಟೋ ಮೇಲು. ಬೋರ್ಡ್ ಪರೀಕ್ಷೆಯ ಚಿಂತೆಯಿದೆ. ವಾರಕ್ಕೆ ಒಂದೂವರೆ ಗಂಟೆಯಿಂದ ಅಂಕ ಇಳಿಯದು. ಹೆಣ್ಣುಮಕ್ಕಳಿಗೇಕೆ ಎಂಬ ಮಾತೂ ಬರುತ್ತದೆ. ಕೊಲಂಬಿಯಾದ ಮರಿಯಾನಾ ಪಹೋನ್ ಬಿಎಂಎಕ್ಸ್‌ನಲ್ಲಿ 2012 ಮತ್ತು 2016ರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದವರು. ಹನ್ನೆರಡು ವರ್ಷವಾಯಿತೆಂದು ಮಗಳ ಸೈಕಲ್ ಬಿಡಿಸುವ ಮನೆಗಳು ಈ ಹೆಸರನ್ನು ನೆನಪಿಡಬೇಕು.

ಕಾಲ-ಹವೆ ನೋಡಿಕೊಳ್ಳುವುದೂ ಅಗತ್ಯ. ಅಹಮದಾಬಾದಿನ ಏಪ್ರಿಲ್-ಮೇ ಬಿಸಿಲು 42 ಡಿಗ್ರಿ ದಾಟುವುದು ಸಾಮಾನ್ಯವಾದ್ದರಿಂದ ಆಗ ಏಳೂವರೆಗೆ ಮುಂಚೆಯೇ ಅಭ್ಯಾಸ ಮುಗಿಯಬೇಕು. ನವೆಂಬರಿನಿಂದ ಫೆಬ್ರವರಿವರೆಗಿನ ಬೆಳಗು ಅತ್ಯುತ್ತಮ. ಆದರೆ ಉತ್ತರಾಯಣದ ಆಸುಪಾಸಿನಲ್ಲಿ ಗಾಳಿಪಟದ ಮಾಂಜಾ ದಾರ ಸವಾರರ ಕುತ್ತಿಗೆಗೆ ಕುತ್ತು ತರುವುದರಿಂದ ಆ ದಿನಗಳಲ್ಲಿ ಸೈಕಲ್ ಒಳಗಿರುವುದೇ ಕ್ಷೇಮ.

ಇಲ್ಲಿ ಕನ್ನಡ ಸಂಘಗಳು ಮುಂದೆ ಬರಬೇಕು. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ರಾಜ್ಯೋತ್ಸವ, ಯಕ್ಷಗಾನ, ಪೂಜೆ-ಪುನಸ್ಕಾರಗಳಿಗೆ ಸದಸ್ಯರು ತನು-ಮನ-ಧನ ಒದಗಿಸುವುದು ಶ್ಲಾಘನೀಯ. ಆದರೆ ಹದಿಮೂರರಿಂದ ಹದಿನೆಂಟರ ಮಕ್ಕಳು ಆ ಕಾರ್ಯಕ್ರಮಗಳಿಗೆ ಬರುವುದು ಊಟದ ಹೊತ್ತಿಗೆ ಮಾತ್ರ ಎಂಬ ದೂರು ಪದಾಧಿಕಾರಿಗಳಿಂದಲೇ ಕೇಳಿಬರುತ್ತದೆ. ಅವರನ್ನು ಕರೆಯಲು ಅವರಿಗೆ ಬೇಕಾದುದನ್ನು ಕೊಡಬೇಕಲ್ಲವೇ? ಶಾಲೆಯೊಂದರ ಮೈದಾನವನ್ನು ಅನುಮತಿ ಪಡೆದು ವಾರಕ್ಕೆರಡು ಬೆಳಿಗ್ಗೆ ಬಳಸಬಹುದು. ಪಾರ್ಕಿಂಗ್‌ನಲ್ಲಿ ಕೊಳೆಯುತ್ತಿರುವ ಸೈಕಲ್‌ಗಳನ್ನು ರಿಪೇರಿ ಮಾಡಿಸಿದರೆ ಹೊಸದನ್ನು ಕೊಳ್ಳಬೇಕಾಗಿಲ್ಲ. ಹೆಲ್ಮೆಟ್‌ಗಳನ್ನು ಸಂಘವೇ ಕೊಂಡು ಸರದಿಯಲ್ಲಿ ಕೊಡಬಹುದು. ಬಲ್ಲ ತರಬೇತುದಾರರೊಬ್ಬರನ್ನು ಮೊದಲ ಕೆಲವು ವಾರ ಕರೆಸಬಹುದು. ವಾರ್ಷಿಕ ಕ್ರೀಡಾಕೂಟದಲ್ಲಿ ನಿಂಬೆ-ಚಮಚದ ಜೊತೆಗೆ ನಿಧಾನ ಸೈಕಲ್, ಗೆರೆಯ ಮೇಲೆ ಬ್ರೇಕ್ ಹಿಡಿಯುವ ಸ್ಪರ್ಧೆಗಳಿಗೂ ಬಹುಮಾನ ಇಡಬಹುದು. ಮೈದಾನದಲ್ಲಿ ಪಾಠ ಕನ್ನಡದಲ್ಲಿ ನಡೆದರೆ, ಮನೆಯಲ್ಲಿ ಗುಜರಾತಿ-ಹಿಂದಿಗೆ ಹೊರಳುವ ನಾಲಗೆಗೆ ಭಾಷೆಯ ಅಭ್ಯಾಸವೂ ಆದೀತು.

2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ 2025ರ ನವೆಂಬರಿನಲ್ಲಿ ಅಹಮದಾಬಾದಿಗೆ ದೊರೆತಿದೆ. ಚಾಂದ್‌ಖೇಡಾದ ನೆರೆಯ ಮೊಟೇರಾದತ್ತ ಆಗ ಜಗತ್ತಿನ ಕಣ್ಣಿರುತ್ತದೆ. ಇಲ್ಲಿಯ ಕನ್ನಡ ಮಕ್ಕಳೆಲ್ಲ ಪದಕ ಗೆಲ್ಲಬೇಕೆಂದು ಯಾರೂ ಹೇಳುವುದಿಲ್ಲ. ಆಟವನ್ನು ಗ್ಯಾಲರಿಯಲ್ಲಿ ಕುಳಿತು ನೋಡುವ ಮಗುವಿಗೆ ಒಂದಾದರೂ ಆಟ ಮೈಗೆ ಹತ್ತಿರಲಿ ಎಂಬುದಷ್ಟೇ ಆಶಯ. ಸಂಘಗಳ ಯುವ ವಿಭಾಗದವರು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಲಿ. ಅಷ್ಟರಲ್ಲಿ ಪಾಲಕರು ಪಾರ್ಕಿಂಗ್‌ಗೆ ಇಳಿದು ಆ ಸೈಕಲ್ಲಿನ ಚಕ್ರಕ್ಕೆ ಗಾಳಿ ಹಾಕಿಸಿ, ಎರಡೂ ಬ್ರೇಕ್ ಸರಿಯಾಗಿ ಹಿಡಿಯುತ್ತವೆಯೇ ಎಂದು ನೋಡಿದರೆ ಒಳ್ಳೆಯದು.