ಹೊನ್ನೆಯ ಬಟ್ಟಲು

ಹನಗೋಡಿನಿಂದ ನಾಗರಹೊಳೆಯ ಕಡೆಗೆ ಸಾಗಿದರೆ ಕಾಡಿನಲ್ಲಿ ತೇಗ, ಮತ್ತಿ, ಬೀಟೆಗಳ ನಡುವೆ ಹೊನ್ನೆ ಮರಗಳೂ ಕಾಣುತ್ತವೆ. ಅದರ ತೊಗಟೆಗೆ ಕಚ್ಚು ಹಾಕಿದರೆ ರಕ್ತವರ್ಣದ ಅಂಟು ಒಸರುತ್ತದೆ. ತಿರುಳಿನಿಂದ ಕಡೆದ ಬಟ್ಟಲಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದರೆ ಸಿಹಿಮೂತ್ರ ರೋಗ ತಗ್ಗುವುದೆಂಬುದು ಹಳೆಯ ನಂಬಿಕೆ.

ಈ ನಂಬಿಕೆಯನ್ನು ವಿಜ್ಞಾನಿಗಳು ಇಲಿಗಳ ಮೇಲೆ ಒರೆಗೆ ಹಚ್ಚಿದ್ದಾರೆ. ಇಲಿಗೆ ಅಲೊಕ್ಸಾನ್ ಚುಚ್ಚಿದರೆ, ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ನಾಶವಾಗಿ ರಕ್ತದಲ್ಲಿ ಸಕ್ಕರೆ ಏರುತ್ತದೆ. ಹೊನ್ನೆಯ ತೊಗಟೆಯಲ್ಲಿರುವ ಎಪಿಕ್ಯಾಟೆಚಿನ್ ಕೊಟ್ಟಾಗ ಆ ಕೋಶಗಳು ಮತ್ತೆ ಹುಟ್ಟಿದವೆಂದು 1982ರ ಸುಮಾರಿಗೆ ಭಾರತೀಯ ಸಂಶೋಧಕರು ಪ್ರಕಟಿಸಿದರು. ಆದರೆ ಬೇರೆ ಪ್ರಯೋಗಶಾಲೆಗಳಿಗೆ ಆ ಫಲ ದಕ್ಕಲಿಲ್ಲ. 1997ರಲ್ಲಿ ಹೊನ್ನೆಯವೇ ಆದ ಮಾರ್ಸುಪ್ಸಿನ್, ಟೆರೊಸ್ಟಿಲ್ಬೀನ್‌ಗಳು ಇಲಿಗಳಲ್ಲಿ ಸಕ್ಕರೆಯನ್ನು ಇಳಿಸಿದುವೆಂಬ ವರದಿ ಬಂದಿತು.

ಮರುವರ್ಷ, 1998ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವರದಿ ಪ್ರಕಟವಾಯಿತು. ಹೊನ್ನೆಯ ಔಷಧಿ ಪಡೆದ 97 ರೋಗಿಗಳಲ್ಲಿ 67 ಮಂದಿಗೆ 12 ವಾರಗಳಲ್ಲಿ ಸಕ್ಕರೆ ಹತೋಟಿಗೆ ಬಂದಿತ್ತು. ಆದರೆ ಅವರೆಲ್ಲರೂ ಹೊಸದಾಗಿ ರೋಗ ಪತ್ತೆಯಾದವರು ಅಥವಾ ಚಿಕಿತ್ಸೆ ಆರಂಭಿಸದವರು; ಹೋಲಿಸಿ ನೋಡಲು ಔಷಧಿಯಿಲ್ಲದ ಗುಂಪೂ ಇರಲಿಲ್ಲ.

ವಾಚಕರು ಇದನ್ನು ಗಮನಿಸಬೇಕು. ಹೊನ್ನೆಯಲ್ಲಿ ಗುಣವಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ಮನೆಯ ಬಟ್ಟಲಿನ ನೀರಿಗೆ ಎಷ್ಟು ಸತ್ವ ಇಳಿಯಿತೆಂದು ಅಳೆಯುವವರು ಯಾರು? ಅದನ್ನು ನಂಬಿ ಇನ್ಸುಲಿನ್ ಚುಚ್ಚುಮದ್ದನ್ನು ನಿಲ್ಲಿಸಿದರೆ, ವಿಶೇಷವಾಗಿ ಮಕ್ಕಳಿಗೆ, ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ ಬಂದೀತು. ಬಟ್ಟಲು ಮನೆಯಲ್ಲಿರಲಿ; ವೈದ್ಯರನ್ನು ಕೇಳದೆ ಮದ್ದು ಮಾತ್ರ ತಪ್ಪದಿರಲಿ.