ಸಾಧು ನೆರೆಯವನಿಗೆ ಸಲ್ಲಬೇಕಾದ ಗೌರವ

2022ರ ಜೂನ್ ತಿಂಗಳಿನಲ್ಲಿ ಬಂಡೀಪುರದ ಗುಂಡ್ರೆ ವಲಯದಲ್ಲಿ ಭೋಗೇಶ್ವರ ಎಂಬ ಕಾಡಾನೆಯ ಕಳೇಬರ ಕಂಡುಬಂದಿತು. ವಯೋಸಹಜ ಸಾವು ಎಂದು ಅರಣ್ಯ ಇಲಾಖೆ ತಿಳಿಸಿತು. ಅದರ ದಂತಗಳ ಉದ್ದ 2.54 ಮತ್ತು 2.34 ಮೀಟರ್. ಆದರೆ ಕಬಿನಿ ಹಿನ್ನೀರಿನ ಜನ ಅದನ್ನು ನೆನೆಯುವುದು ದಂತಕ್ಕಾಗಿ ಮಾತ್ರವಲ್ಲ, ಸೌಮ್ಯ ಸ್ವಭಾವಕ್ಕಾಗಿ. ಜೀಪುಗಳು ಸಮೀಪದಲ್ಲಿ ನಿಂತರೂ ಆ ಸಲಗ ತನ್ನ ಪಾಡಿಗೆ ಮೇಯುತ್ತಿತ್ತು. ಅದು ಸತ್ತಾಗ ಊರಿನ ಹಿರಿಯರೊಬ್ಬರು ತೀರಿಕೊಂಡಂತೆ ಜನ ಮರುಗಿದರು.

ಕಾವೇರಿ ದಂಡೆಯ ನೆಲ್ಯಹುದಿಕೇರಿಯಲ್ಲಿ ಈ ಮಾತು ಸುಲಭವಾಗಿ ರುಚಿಸದು. ಇಲ್ಲಿ ಬೆಳಗಿನ ಮಂಜಿನಲ್ಲಿ ತೋಟಕ್ಕೆ ಹೊರಡುವ ಕಾರ್ಮಿಕರಿಗೂ, ಶಾಲೆಗೆ ನಡೆಯುವ ಮಕ್ಕಳಿಗೂ ಆನೆಯೆಂದರೆ ಜೀವಭಯ. ಸಿದ್ದಾಪುರದ ಸುತ್ತಮುತ್ತ ಆನೆಯ ತುಳಿತಕ್ಕೆ ಸಿಕ್ಕಿ ಆಪ್ತರನ್ನು ಕಳೆದುಕೊಂಡ ಮನೆಗಳಿವೆ. ಆ ದುಃಖವನ್ನು ಮರೆತು ಆನೆಯ ಗುಣಗಾನ ಮಾಡುವುದು ಅನ್ಯಾಯ.

ಆದರೂ ಕಬಿನಿಯ ಆನೆ ಬೇರೆ ಕುಲದ್ದಲ್ಲ. ಭೋಗೇಶ್ವರನ ಸಾಧುತನಕ್ಕೆ ಹುಟ್ಟುಗುಣದ ಜೊತೆಗೆ ನೆಲವೂ ಆಸರೆಯಾಗಿತ್ತು. ಬೇಸಿಗೆಯಲ್ಲಿ ಕಬಿನಿ ಜಲಾಶಯದ ನೀರು ಇಳಿದಾಗ ದಂಡೆಯುದ್ದಕ್ಕೂ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಅಲ್ಲಿ ಕೂಡುತ್ತವೆ. ಮುಂದೆ ಬಯಲು, ಹಿಂದೆ ಕಾಡು. ಬರುವವರು ದೂರದಿಂದಲೇ ಕಾಣುತ್ತಾರೆ. ಕಾಫಿ ಗಿಡಗಳ ನಡುವೆ ಹಾಗಲ್ಲ. ಹತ್ತು ಹೆಜ್ಜೆ ದೂರದಲ್ಲಿ ಆನೆಯೂ ಮನುಷ್ಯನೂ ಥಟ್ಟನೆ ಎದುರಾಗುತ್ತಾರೆ, ಇಬ್ಬರೂ ಬೆದರುತ್ತಾರೆ. ಪಟಾಕಿ ಸಿಡಿಸಿ ಒಂದು ತೋಟದಿಂದ ಅಟ್ಟಿದ ಹಿಂಡು ಇನ್ನೂ ಹೆಚ್ಚು ಬೆದರಿ ಪಕ್ಕದ ತೋಟವನ್ನು ಹೊಗುತ್ತದೆ.

ಹೈಕೋರ್ಟ್ ಆದೇಶದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆಯು 2012ರ ವರದಿಯಲ್ಲಿ ಆನೆಯ ನೆಲೆಗಳನ್ನು ಸಂರಕ್ಷಣೆ, ಸಹಬಾಳ್ವೆ ಮತ್ತು ತೆರವು ಎಂಬ ಮೂರು ವಲಯಗಳಾಗಿ ಕಾಣಬೇಕೆಂದಿತು. ಸಹಬಾಳ್ವೆಯೆಂಬುದು ಬಡ ಕಾರ್ಮಿಕನೊಬ್ಬನೇ ಹೊರಬೇಕಾದ ಹೊರೆಯಲ್ಲ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ ಆನೆ ಎಲ್ಲಿದೆಯೆಂಬ ಸುದ್ದಿಯನ್ನು ಮೊಬೈಲ್ ಸಂದೇಶದಿಂದಲೂ ಕೆಂಪು ದೀಪಗಳಿಂದಲೂ ಜನರಿಗೆ ಮೊದಲೇ ಮುಟ್ಟಿಸುವ ಏರ್ಪಾಡು ಜೀವಗಳನ್ನು ಉಳಿಸಿದೆ. ಕೊಡಗಿನಲ್ಲಿಯೂ ಅಂಥ ಸುದ್ದಿ ಲೈನ್‌ಮನೆಯ ಕೊನೆಯ ಬಾಗಿಲಿನವರೆಗೆ ತಲುಪಬೇಕು. ಆನೆಯಿರುವ ದಿನ ಬೆಳಕು ಹರಿದ ಮೇಲಷ್ಟೇ ಕೆಲಸ ಆರಂಭವಾಗಬೇಕು; ಕಾರ್ಮಿಕರಿಗೂ ಮಕ್ಕಳಿಗೂ ವಾಹನ ಒದಗಬೇಕು. ಆನೆ ನಡೆಯುವ ಹಾದಿಗೆ ಬೇಲಿ ಬೀಳಬಾರದು. ಬೇಲಿಗೆ ಕದ್ದು ವಿದ್ಯುತ್ ಹರಿಸುವುದಂತೂ ಕೂಡದು.

ಭೋಗೇಶ್ವರ ಮುಪ್ಪಾಗುವವರೆಗೆ ಬದುಕಿ ಕಾಡಿನಲ್ಲಿಯೇ ಕಣ್ಣು ಮುಚ್ಚಿತು. ಕೊಡಗಿನ ಆನೆಗೂ ಅಂಥ ಸಾವು ಸಿಗಬೇಕು. ತೋಟಕ್ಕೆ ಹೋದ ಕಾರ್ಮಿಕ ಸಂಜೆ ಸುರಕ್ಷಿತವಾಗಿ ಮನೆಗೆ ಮರಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳುವುದು ನ್ಯಾಯವಲ್ಲ.