ಕಸದಿಂದ ರಸ: ಗೊಂಬೆ ಹಬ್ಬಕ್ಕೆ ಓಬವ್ವನ ಕಿಂಡಿ



ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ವಾರದಿಂದಲೇ ಮನೆಯ ಮಕ್ಕಳು ನವರಾತ್ರಿಯ ಲೆಕ್ಕ ಹಾಕುತ್ತಾರೆ. ಪಟ್ಟದ ಗೊಂಬೆಗಳು ಮೆಟ್ಟಿಲ ಮೇಲೆ ಕೂತರೆ, ಕೆಳಗೆ ನೆಲದ ಮೇಲೆ ಪಾರ್ಕು, ಮೃಗಾಲಯ ಮಾಡುವ ಪಾಳಿ ಅವರದು. ಈ ಸಲ ಪಾರ್ಕಿನ ಬದಲು ಒಂದು ರಣರಂಗ ಮಾಡೋಣವೇ? ಗಾಬರಿ ಬೇಡಿ. ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು ಗೆದ್ದ ಯುದ್ಧ ಅದು. ಗೊಂಬೆ ಕೂರಿಸುವ ಪದ್ಧತಿ ಇಲ್ಲದ ಮನೆಯವರು ಶಾಲೆಯ ವಸ್ತುಪ್ರದರ್ಶನಕ್ಕೂ ಇದನ್ನೇ ಮಾಡಬಹುದು.

ಓಬವ್ವನ ಕಥೆ ನಿಮಗೆಲ್ಲ ಗೊತ್ತೇ ಇದೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿಯವರು ಒನಕೆ ಹಿಡಿದು ನಿಂತದ್ದನ್ನು ನೋಡಿದವರೂ ಇದ್ದೀರಿ. ಮದಕರಿ ನಾಯಕನ ಕಾಲ. ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿದೆ. ಕಾವಲುಗಾರ ಕಹಳೆ ಮುದ್ದ ಹನುಮ ಊಟಕ್ಕೆ ಕೂತಿದ್ದಾನೆ. ನೀರು ತರಲು ಹೋದ ಹೆಂಡತಿಗೆ ಬಂಡೆಯ ಕಿಂಡಿಯಲ್ಲಿ ಪಿಸುಮಾತು ಕೇಳಿಸುತ್ತದೆ. ಉಣ್ಣುವ ಗಂಡನನ್ನು ಎಬ್ಬಿಸದೆ, ಕೈಗೆ ಸಿಕ್ಕ ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುತ್ತಾಳೆ. ಆ ಹೊತ್ತು ಕೋಟೆ ಉಳಿಯಿತು, ಅವಳು ಉಳಿಯಲಿಲ್ಲ. ಮುಂದೆ 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು. ಹೆಸರು ಮಾತ್ರ ಕಿಂಡಿಗೆ ಓಬವ್ವನದೇ ಉಳಿದಿದೆ.

ಅಂಗಡಿಯಲ್ಲಿ ಥರ್ಮಕೋಲಿನ ಸಿದ್ಧ ಕೋಟೆ ಸಿಗುತ್ತದೆ. ಬೆಲೆ ಕೇಳಿದರೆ ವಾರದ ತರಕಾರಿ ಖರ್ಚು ನೆನಪಾಗುತ್ತದೆ. ದುಡ್ಡಿನ ಮಾತು ಹಾಗಿರಲಿ, ಅಳತೆ ನೋಡಿ. ಓಬವ್ವ ಗೋಡೆಗಿಂತ ಎತ್ತರ, ಕಿಂಡಿ ನಮ್ಮ ನಡುಮನೆಯ ಬಾಗಿಲಿನಷ್ಟು ಅಗಲ! ಅಂಥದೊಂದನ್ನು ನೋಡಿ ಪಕ್ಕದ ಮನೆಯ ಹುಡುಗಿ ನನ್ನನ್ನು ಕೇಳಿದಳು: "ದೊಡ್ಡಮ್ಮ, ಇಷ್ಟು ದೊಡ್ಡ ಬಾಗಿಲಿದ್ರೆ ಎಲ್ರೂ ಒಟ್ಟಿಗೇ ನುಗ್ಗಬೋದಿತ್ತಲ್ಲ? ಒಬ್ಳೇ ಹೆಂಗೆ ತಡೆದ್ಲು?" ಪ್ರಶ್ನೆ ಸರಿಯಾಗಿಯೇ ಇತ್ತು. ಒಂದು ಸಲಕ್ಕೆ ಒಂದೇ ತಲೆ ತೂರುವಷ್ಟು ಕಿಂಡಿ ಕಿರಿದು, ಅದನ್ನು ಕಂಡುಕೊಂಡದ್ದೇ ಓಬವ್ವನ ಜಾಣತನ. ಅಳತೆ ತಪ್ಪಿದರೆ ಅವಳ ಬುದ್ಧಿಯೇ ಮರೆಯಾಗಿ, ಬರೀ ರೋಷ ಉಳಿಯುತ್ತದೆ. ಆದ್ದರಿಂದ ಏಳು ಸುತ್ತಿನ ಕೋಟೆಯ ಆಸೆ ಬಿಡಿ. ಕಿಂಡಿಯೊಂದನ್ನೇ ಮಾಡಿ, ಅಳತೆಗೆ ಸರಿಯಾಗಿ ಮಾಡಿ.

ಅಳತೆ

ನಿಜದ 2 ಅಡಿಗೆ ನಮ್ಮ 1 ಅಂಗುಲ, ಇಷ್ಟೇ ಸೂತ್ರ. 5 ಅಡಿಯ ಓಬವ್ವ ಎರಡೂವರೆ ಅಂಗುಲ. ಸಿಪಾಯಿ ಎರಡೂ ಮುಕ್ಕಾಲು. ನಾಲ್ಕೂವರೆ ಅಡಿಯ ಒನಕೆ ಎರಡೂ ಕಾಲು ಅಂಗುಲ. ಬಂಡೆ 14 ಅಂಗುಲ ಎತ್ತರ ಬಂದರೆ 28 ಅಡಿಯ ಬಂಡೆಯಾಯಿತು. ಮೊದಲು ಓಬವ್ವನ ಗೊಂಬೆ ಮಾಡಿಟ್ಟುಕೊಳ್ಳಿ. ಮಿಕ್ಕದ್ದನ್ನೆಲ್ಲ ಅವಳ ಪಕ್ಕ ಇಟ್ಟು ನೋಡುತ್ತಾ ಹೋಗಿ.

ಬೇಕಾಗುವ ಸಾಮಗ್ರಿ

ದಪ್ಪ ರಟ್ಟು (24 ಅಂಗುಲ ಉದ್ದ, 18 ಅಂಗುಲ ಅಗಲ), ಎರಡು ಮೂರು ಖಾಲಿ ಡಬ್ಬಿ, ಹಳೇ ಪೇಪರು, ಒಂದು ಹಿಡಿ ಮೆಂತ್ಯ, ಮೈದಾ ಅಂಟು, ಖಾಲಿ ಬೆಂಕಿಪೊಟ್ಟಣ, ಕೆಮ್ಮಣ್ಣು, ಒಲೆ ಬೂದಿ, ಇದ್ದಿಲ ಪುಡಿ, ಚಹದ ಚರಟ, ಬಟ್ಟೆ ಚೂರು, ತೆಂಗಿನ ಪೊರಕೆ ಕಡ್ಡಿ. ಹೊಸದುರ್ಗದ ಕಡೆಯವರಿಗೆ ತೆಂಗಿನ ನಾರು, ಹೊಳಲ್ಕೆರೆಯವರಿಗೆ ಅಡಿಕೆ ಹಾಳೆ ತೋಟದಲ್ಲೇ ಸಿಗುತ್ತದೆ. ಹಿರಿಯೂರಿನವರು ವೇದಾವತಿಯ ನುಣ್ಣನೆ ಮರಳು ಒಂದು ಬೊಗಸೆ ತಂದಿಟ್ಟುಕೊಳ್ಳಿ. ಚಿತ್ರದುರ್ಗದವರು ಮಾತ್ರ ಕೋಟೆಯಿಂದ ಕಲ್ಲಿನ ಚೂರೂ ತರಬೇಡಿ. ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ.

ಮಾಡುವ ವಿಧಾನ

ಮೊರಕ್ಕೆ, ಬುಟ್ಟಿಗೆ ಕಾಗದ-ಮೆಂತ್ಯ ಅರೆದು ಬಳಿಯುತ್ತೇವಲ್ಲ, ಬಂಡೆಗೂ ಅದೇ ಹದ. ಪೇಪರನ್ನು ಚೂರು ಮಾಡಿ ಎರಡು ದಿನ ನೆನೆಹಾಕಿ. ಮೆಂತ್ಯ ಬೇರೆ ನೆನೆಯಲಿ. ನೀರು ಹಿಂಡಿ ಎರಡನ್ನೂ ಒಟ್ಟಿಗೆ ನುಣ್ಣಗೆ ಅರೆಯಿರಿ. ಚಪಾತಿ ಹಿಟ್ಟಿಗಿಂತ ಸ್ವಲ್ಪ ಸಡಿಲ ಇರಬೇಕು. ಮೆಂತ್ಯದ ಕಹಿಗೆ ಹುಳುವೂ ಅಷ್ಟಾಗಿ ಬರುವುದಿಲ್ಲ.

ಈಗ ರಟ್ಟಿನ ಮೇಲೆ ಡಬ್ಬಿಗಳನ್ನು ಎರಡು ಗುಂಪಾಗಿ ಇಟ್ಟು, ನಡುವೆ ಬೆಂಕಿಪೊಟ್ಟಣದ ಹೊರಗೂಡನ್ನು ಕಿರುಮೈ ಮೇಲೆ ನಿಲ್ಲಿಸಿ. ಅದೇ ಕಿಂಡಿ. ನಮ್ಮ ಸೂತ್ರದಲ್ಲಿ ಅದು ಸುಮಾರು ಎರಡೂ ಮುಕ್ಕಾಲು ಅಡಿ ಎತ್ತರ, ಒಂದಡಿ ಅಗಲ ಆಗುತ್ತದೆ. ನಿಜವಾದ ಕಿಂಡಿಯನ್ನು ಅಳೆದು ತಂದ ಲೆಕ್ಕವಲ್ಲ ಇದು, ಒಬ್ಬ ಆಳು ಮೈ ಮುದುಡಿ ನುಸುಳಲಿ ಎಂಬ ಲೆಕ್ಕ. ಸಿಪಾಯಿ ಗೊಂಬೆ ನಿಂತಂತೆ ತೂರಿತೋ, ಕಿಂಡಿ ದೊಡ್ಡದಾಯಿತು ಅಂತಲೇ ತಿಳಿಯಿರಿ.

ಪೇಪರಿನ ಉಂಡೆಗಳನ್ನು ದಾರದಲ್ಲಿ ಬಿಗಿದು ಡಬ್ಬಿಗಳ ಸುತ್ತ, ಕಿಂಡಿಯ ಮೇಲೆ ಪೇರಿಸಿ ಅಂಟಿಸಿ. ದುರ್ಗದ ಬಂಡೆಗಳು ಚೂಪಲ್ಲ, ಆನೆ ಬೆನ್ನಿನ ಹಾಗೆ ದುಂಡಗೆ. ಮೇಲೆ ಕಾಗದದ ಹಿಟ್ಟನ್ನು ಅರ್ಧ ಬೆರಳು ದಪ್ಪ ಮೆತ್ತಿ, ಒದ್ದೆ ಕೈಯಲ್ಲಿ ಸವರಿ. ಮಳೆಗಾಲದ ಕೊನೆಯಾದ್ದರಿಂದ ಒಣಗಲು ನಾಲ್ಕೈದು ದಿನ ಬೇಕು. ಮಹಾಲಯ ಅಮಾವಾಸ್ಯೆಗೆ ಎರಡು ವಾರ ಮುಂಚೆಯೇ ಶುರುಮಾಡಿ.

ಒಣಗಿದ ಮೇಲೆ ಬೂದಿಗೆ ಚಿಟಿಕೆ ಕೆಮ್ಮಣ್ಣು, ತೆಳು ಅಂಟು ಸೇರಿಸಿ ಬಳಿಯಿರಿ. ಸಂದುಗಳಿಗೆ ಇದ್ದಿಲ ನೀರು ಇಳಿಬಿಟ್ಟರೆ ಬಂಡೆಗೆ ವಯಸ್ಸು ಬರುತ್ತದೆ. ಅಡಿಕೆ ಹಾಳೆಯನ್ನು ಅರ್ಧ, ಒಂದು ಅಂಗುಲದ ತುಂಡು ಮಾಡಿ ಇಟ್ಟಿಗೆಯ ಹಾಗೆ ಸಾಲಾಗಿ ಅಂಟಿಸಿದರೆ ಕೋಟೆ ಗೋಡೆ. ನೆಲಕ್ಕೆ ಅಂಟು ಸವರಿ ಮರಳು, ಒಣಗಿಸಿದ ಚಹದ ಚರಟ ಉದುರಿಸಿ. ಒಣ ಜಾಲಿ ಕಡ್ಡಿಗೆ ಹಸಿರು ಬಣ್ಣ ಹಾಕಿದ ತೆಂಗಿನ ನಾರು ಸುತ್ತಿದರೆ ಮರ, ಒಣಗಿದ ಹೀರೆಕಾಯಿ ನಾರು ಪೊದೆ. ಕಿಂಡಿಯ ಹತ್ತಿರದ ತಣ್ಣೀರು ದೋಣಿಗೆ ಒಂದು ಸಣ್ಣ ಗುಂಡು ಕನ್ನಡಿ. ಒಡೆದ ಕನ್ನಡಿ ಬೇಡ, ಮಕ್ಕಳ ಕೈ ಜೋಪಾನ.

ಗೊಂಬೆಗಳು

ಮೇಳೆಯಲ್ಲಿ ಸಿಗುವ ಪ್ಲಾಸ್ಟಿಕ್ ಸಿಪಾಯಿಗಳು ಬೇಡ. ಬಂದೂಕು, ಹೆಲ್ಮೆಟ್ಟಿನ ಈಗಿನ ಸೈನಿಕರು 1779ಕ್ಕೂ ಹಿಂದಿನ ಯುದ್ಧಕ್ಕೆ ಸಲ್ಲ. ಕಡ್ಡಿಗೆ ಬಟ್ಟೆ ಸುತ್ತಿ, ಮಣ್ಣಿನ ತಲೆ ಇಟ್ಟು, ಹಳೇ ಅಂಚಿನಿಂದ ಪೇಟ, ನಡುಪಟ್ಟಿ ಕಟ್ಟಿ. ಓಬವ್ವನಿಗೆ ಕಚ್ಚೆ ಸೀರೆ. ಪೊರಕೆ ಕಡ್ಡಿಯ ಬುಡದ ದಪ್ಪ ತುಂಡೇ ಒನಕೆ, ತುದಿಗೆ ಬೆಳ್ಳಿ ಕಾಗದದ ಬಳೆ. ಪಕ್ಕಕ್ಕೆ ಇಳಿಸಿಟ್ಟ ಕೊಡಕ್ಕೆ ಒಂದು ಅಂಟುವಾಳ ಕಾಯಿ ಸಾಕು. ಮುದ್ದ ಹನುಮನ ಕಹಳೆಗೆ ಬಾಗಿದ ಒಣಮೆಣಸಿನಕಾಯಿಗಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗದು!

ಓಬವ್ವನನ್ನು ಕಿಂಡಿಗೆ ಎದುರಾಗಿ ನಿಲ್ಲಿಸಬೇಡಿ, ಬಂಡೆಗೆ ಒತ್ತಿಕೊಂಡು ಒಂದು ಮಗ್ಗುಲಿಗೆ ನಿಲ್ಲಿಸಿ. ನುಸುಳುವವನಿಗೆ ಅವಳು ಕಾಣಬಾರದು. ಕಿಂಡಿಯಲ್ಲಿ ಒಂದೇ ತಲೆ, ಆಚೆ ಸಾಲಿನಲ್ಲಿ ನಾಲ್ಕೈದು ಜನ. ಒಳಗೆ ಬಿದ್ದವರು ಒಬ್ಬಿಬ್ಬರು ಸಾಕು, ಕೆಂಪು ಬಣ್ಣ ಚೆಲ್ಲುವುದು ಬೇಡ. ಅವರೂ ಒಬ್ಬ ತಾಯಿಯ ಮಕ್ಕಳೇ ತಾನೆ.

ಖರ್ಚು ಎಂದರೆ ಮೈದಾ, ಮೆಂತ್ಯ, ಹಸಿರು ಬಣ್ಣ, ಕನ್ನಡಿ, ಇಷ್ಟೇ. ಹಬ್ಬ ಮುಗಿದ ಮೇಲೆ ಹಳೇ ಸೀರೆ ಸುತ್ತಿ, ಬೇವಿನೆಲೆ ಹಾಕಿ ಅಟ್ಟಕ್ಕೆ ಏರಿಸಿ. ಬಹಳ ದಿನ ಅಲ್ಲಿರುವುದಿಲ್ಲ. ನವೆಂಬರ್ 11ಕ್ಕೆ ಓಬವ್ವನ ಜಯಂತಿ ಎಂದು ಸರ್ಕಾರ 2021ರಿಂದ ಆಚರಿಸುತ್ತಿದೆ, ಶಾಲೆಯವರು ಕೇಳಿಯೇ ಕೇಳುತ್ತಾರೆ.

ಮಿಕ್ಸಿ ಬಂದ ಮೇಲೆ ಎಷ್ಟೋ ಮನೆಯ ಮಕ್ಕಳು ಒನಕೆಯನ್ನೇ ಕಂಡಿಲ್ಲ. ನಿಮ್ಮ ಅತ್ತೆಯವರ ಕಾಲದ್ದೊಂದು ಮೂಲೆಯಲ್ಲಿದ್ದರೆ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಈ ಗೊಂಬೆಗಳ ಪಕ್ಕದಲ್ಲೇ ಒರಗಿಸಿಡಿ. ಮಕ್ಕಳು ಒಮ್ಮೆ ಎರಡು ಕೈಯಲ್ಲಿ ಎತ್ತಿ ನೋಡಲಿ. ಅದರ ಭಾರ ಗೊತ್ತಾದರೆ ಕಥೆಯ ಅರ್ಧ ಅವರಿಗೆ ತಾನಾಗಿಯೇ ತಿಳಿಯುತ್ತದೆ.